3.3 ಭಾಗಿಸು 4095

ಸೆನ್ಸರ್ ಜೊತೆ ಒಂದು ವೀಕೆಂಡ್ ಆದರೂ ಆಟ ಆಡಿದವರು ಈ ಸಾಲನ್ನು ನೋಡದೇ ಇರೋಕೆ ಸಾಧ್ಯ ಇಲ್ಲ:

ವೋಲ್ಟೇಜ್ = ಓದಿದ ಅಂಕಿ × 3.3 / 4095

ಇದು ಇಎಸ್‌ಪಿ32 ಬೋರ್ಡಿನ ಪಾಠ. ಆರ್ಡುಯಿನೊ ಊನೊ ಆದರೆ 3.3 ಇದ್ದಲ್ಲಿ 5, 4095 ಇದ್ದಲ್ಲಿ 1023, ಅಷ್ಟೇ ವ್ಯತ್ಯಾಸ. ಮೊದಲನೇ ಪಾಠದಲ್ಲಿ ಈ ಸಾಲು ಬರುತ್ತೆ, ಫೈನಲ್ ಇಯರ್ ಪ್ರಾಜೆಕ್ಟ್ ರಿಪೋರ್ಟಿನಲ್ಲಿ ಬರುತ್ತೆ, ಸ್ಟಾರ್ಟಪ್‌ನವರು ದುಡ್ಡು ಹಾಕುವವರ ಮುಂದೆ ತೋರಿಸುವ ಡೆಮೋದಲ್ಲಿ ಬರುತ್ತೆ, ಕೊನೆಗೆ ರೈತನ ತೋಟದಲ್ಲಿ ಮೋಟ್ರು ಆನ್ ಮಾಡುವ ಡಬ್ಬಿಯೊಳಗೂ ಬಂದು ಕೂರುತ್ತೆ. ಕಥೆ, ಕವಿತೆ, ಸಿನಿಮಾಗೆ ವಿಮರ್ಶೆ ಬರೆಯುವವರು ನಮ್ಮಲ್ಲಿ ಬೇಕಾದಷ್ಟು ಜನ ಇದ್ದಾರೆ. ಇಷ್ಟು ಜನ ಓದಿ ಇಷ್ಟು ಜನ ನಕಲು ಮಾಡಿದ ಈ ಸಾಲಿಗೂ ಒಂದು ವಿಮರ್ಶೆ ಇರಲಿ.

ಮೊದಲು ಒಳ್ಳೆಯ ಮಾತು. ಸಾಲು ಚಿಕ್ಕದು. ಹೊಸಬರಿಗೆ ತ್ರೈರಾಶಿ ಲೆಕ್ಕ ಒಂದೇ ಏಟಿಗೆ ಅರ್ಥ ಆಗುತ್ತೆ: ಪೂರ್ತಿ ತುಂಬಿದರೆ 4095, ಅದು 3.3 ವೋಲ್ಟ್; ಅರ್ಧ ಬಂದರೆ ಅರ್ಧ. ಪಾಠ ಶುರು ಮಾಡೋದಕ್ಕೆ ಇದಕ್ಕಿಂತ ಒಳ್ಳೆ ಸಾಲು ಸಿಗಲ್ಲ. ನನ್ನ ತಕರಾರು ಇರೋದು ಪಾಠ ಇಲ್ಲಿಗೇ ಮುಗಿಯೋದರ ಬಗ್ಗೆ.

ಎಡಿಸಿ, ಅಂದರೆ ಅನಲಾಗ್ ಟು ಡಿಜಿಟಲ್ ಕನ್ವರ್ಟರ್, ಹೊರಗಿನ ವೋಲ್ಟೇಜನ್ನು ಅಂಕಿ ಮಾಡಿ ಕೊಡುವ ಭಾಗ. ಬಿಇನಲ್ಲಿ ಇದರ ಮೇಲೆ ಹತ್ತು ಮಾರ್ಕಿನ ಪ್ರಶ್ನೆ ಗ್ಯಾರಂಟಿ: ಸಕ್ಸೆಸಿವ್ ಅಪ್ರಾಕ್ಸಿಮೇಷನ್ ವಿವರಿಸಿ, ಬ್ಲಾಕ್ ಡಯಾಗ್ರಾಂ ಬರೆಯಿರಿ. ಡಯಾಗ್ರಾಂ ಮರೆತಿದ್ದರೆ ಚಿಂತೆ ಬೇಡ, ಸಂತೆಯಲ್ಲಿ ಬೆಲ್ಲ ತೂಗೋದನ್ನ ನೋಡಿದ್ದರೆ ಸಾಕು. ಒಂದು ತಟ್ಟೆಯಲ್ಲಿ ಬೆಲ್ಲ. ಇನ್ನೊಂದರಲ್ಲಿ ಮೊದಲು ದೊಡ್ಡ ಕಲ್ಲು ಇಡ್ತಾನೆ. ಜಾಸ್ತಿ ಆಯ್ತಾ, ತೆಗೀತಾನೆ. ಕಮ್ಮಿ ಆಯ್ತಾ, ಅದನ್ನು ಅಲ್ಲೇ ಬಿಟ್ಟು ಅದರ ಅರ್ಧದ ಕಲ್ಲು ಇಡ್ತಾನೆ. ಆಮೇಲೆ ಅದರ ಅರ್ಧ. 12 ಬಿಟ್ ಎಡಿಸಿ ಅಂದರೆ ಇಂಥ 12 ಕಲ್ಲುಗಳ ಅಂಗಡಿ. ತಟ್ಟೆಯಲ್ಲಿ ಉಳಿದ ಕಲ್ಲುಗಳ ಲೆಕ್ಕವೇ ನಾವು ಓದುವ ಅಂಕಿ. ಆದರೆ ಈ ಹನ್ನೆರಡೂ ಕಲ್ಲುಗಳು ಒಂದೇ ಬಂಡೆಯಿಂದ ಒಡೆದವು. ಆ ಬಂಡೆ ರೆಫರೆನ್ಸ್ ವೋಲ್ಟೇಜ್. ಬಂಡೆಯೇ ಹತ್ತು ಪರ್ಸೆಂಟ್ ಹಗುರ ಇದ್ದರೆ, ಎಷ್ಟು ಚಿಕ್ಕ ಕಲ್ಲು ಇಟ್ಟು ತೂಗಿದರೂ ಬೆಲ್ಲದ ತೂಕ ತಪ್ಪೇ. ಕಲ್ಲು ಚಿಕ್ಕದಾದಷ್ಟೂ ತಪ್ಪು ಉತ್ತರಕ್ಕೆ ಹೆಚ್ಚು ದಶಾಂಶ ಸಿಗುತ್ತೆ, ಅಷ್ಟೇ.

ಈಗ ಸಾಲಿನ ಮೊದಲನೇ ಪದ, 3.3. ಇದು ಎಲ್ಲಿಂದ ಬಂತು? ಬೋರ್ಡಿಗೆ ಕೊಡುವ ಸಪ್ಲೈ 3.3 ವೋಲ್ಟ್, ಅದಕ್ಕೇ ಬರೆದುಬಿಟ್ಟರು. ಇಎಸ್‌ಪಿ32 ಚಿಪ್ಪಿನ ಎಡಿಸಿ ಆ ಸಪ್ಲೈಯನ್ನು ರೆಫರೆನ್ಸ್ ಆಗಿ ಬಳಸೋದೇ ಇಲ್ಲ. ಒಳಗೆ ಅದರದೇ ಒಂದು ರೆಫರೆನ್ಸ್ ಇದೆ, ಲೆಕ್ಕಕ್ಕೆ 1100 ಮಿಲಿವೋಲ್ಟ್. ಹೊರಗಿನ ವೋಲ್ಟೇಜನ್ನು ಅಟೆನ್ಯುಯೇಟರ್‌ನಿಂದ ತಗ್ಗಿಸಿ ಅದರ ಜೊತೆ ತೂಗುತ್ತೆ. ಆ 1100 ಕೂಡ ಹೆಸರಿಗೆ. ಚಿಪ್ ಮಾಡುವ ಎಸ್ಪ್ರೆಸಿಫ್ ಕಂಪನಿಯೇ ತನ್ನ ದಾಖಲೆಯಲ್ಲಿ ಬರೆದಿದೆ: ನಿಜವಾದ ರೆಫರೆನ್ಸ್ ಚಿಪ್ಪಿನಿಂದ ಚಿಪ್ಪಿಗೆ 1000ದಿಂದ 1200 ಮಿಲಿವೋಲ್ಟ್‌ವರೆಗೆ ಇರಬಹುದು. ಅಂದರೆ ಎರಡೂ ಕಡೆ 9 ಪರ್ಸೆಂಟ್. ಒಂದೇ ಅಂಗಡಿಯಲ್ಲಿ ಒಂದೇ ದಿನ ತಂದ ಎರಡು ಬೋರ್ಡು ಒಂದೇ ಬ್ಯಾಟರಿಗೆ ಬೇರೆ ಬೇರೆ ಅಂಕಿ ಕೊಟ್ಟರೆ ಯಾವುದೂ ಕೆಟ್ಟಿಲ್ಲ, ಎರಡೂ ಡೇಟಾಶೀಟ್ ಪ್ರಕಾರವೇ ಕೆಲಸ ಮಾಡ್ತಿವೆ.

ಊನೊ ಕಥೆ ಬೇರೆ. ಅಲ್ಲಿ ಸುಮ್ಮನೆ ಬಿಟ್ಟರೆ ರೆಫರೆನ್ಸ್ ಆಗೋದು ಸಪ್ಲೈಯೇ, ಆದ್ದರಿಂದ 5 ಅಂತ ಬರೆಯೋದಕ್ಕೆ ಒಂದು ಅರ್ಥ ಇದೆ. ಆದರೆ ಲ್ಯಾಪ್‌ಟಾಪಿನ ಯುಎಸ್‌ಬಿಯಿಂದ ಬರುವ 5 ವೋಲ್ಟ್ 5 ಆಗಿರಬೇಕಲ್ಲ! ಕೇಬಲ್ ಉದ್ದ ಇದ್ದರೆ 4.7 ಸಿಗೋದು ಏನೂ ವಿಶೇಷ ಅಲ್ಲ. ಎಲ್‌ಎಂ35 ಅನ್ನೋ ಟೆಂಪರೇಚರ್ ಸೆನ್ಸರ್ ತಗೊಳ್ಳಿ, ಡಿಗ್ರಿಗೆ 10 ಮಿಲಿವೋಲ್ಟ್ ಕೊಡುತ್ತೆ. ರೂಮಿನಲ್ಲಿ 30 ಡಿಗ್ರಿ ಇದ್ದರೆ 300 ಮಿಲಿವೋಲ್ಟ್. 4.7 ವೋಲ್ಟಿನ ಕಲ್ಲಿನಿಂದ ತೂಗಿದಾಗ ಬರುವ ಅಂಕಿ 65. ಅದನ್ನು ನಮ್ಮ ಸಾಲು 5 ವೋಲ್ಟಿನ ಲೆಕ್ಕದಲ್ಲಿ ಡಿಗ್ರಿ ಮಾಡಿದರೆ 31.8 ಆಗುತ್ತೆ. ಸೆನ್ಸರ್ ಸರಿ, ಚಿಪ್ ಸರಿ, ಸಾಲು ಮಾತ್ರ ಒಂದೂಮುಕ್ಕಾಲು ಡಿಗ್ರಿ ಜ್ವರ ಏರಿಸಿ ಕೂತಿದೆ. ತಮಾಷೆ ಏನಂದರೆ, ಇದೇ ಸಾಲಿನ ಬಗ್ಗೆ ಎಂಜಿನಿಯರುಗಳು ಜಗಳ ಆಡ್ತಾರೆ, ಆದರೆ ಬೇರೆ ಕಾರಣಕ್ಕೆ: ಭಾಗಿಸಬೇಕಾದ್ದು 1023ರಿಂದಲೋ 1024ರಿಂದಲೋ ಅಂತ. ಮೇಲಿನ ಲೆಕ್ಕದಲ್ಲಿ ಆ ಜಗಳದ ಬೆಲೆ 0.03 ಡಿಗ್ರಿ.

ಹಾಗಾದರೆ ಇಷ್ಟು ವರ್ಷ ಯಾರಿಗೂ ಯಾಕೆ ಕಾಣಲಿಲ್ಲ? ನನಗೆ ಅನ್ನಿಸೋದು, ಎಲ್ಲರೂ ಮೊದಲು ಮಾಡುವ ಪ್ರಯೋಗವೇ ಈ ತಪ್ಪನ್ನು ಮುಚ್ಚಿಡುತ್ತೆ. ಊನೊಗೆ ಒಂದು ಪೊಟೆನ್ಶಿಯೋಮೀಟರ್ ಜೋಡಿಸಿ ತಿರುಗಿಸ್ತೀವಿ, ನೆನಪಿದೆಯಲ್ಲ? ಅಲ್ಲಿ ಪೊಟೆನ್ಶಿಯೋಮೀಟರಿಗೂ ಅದೇ ಸಪ್ಲೈ, ರೆಫರೆನ್ಸೂ ಅದೇ ಸಪ್ಲೈ. 5 ಹೋಗಿ 4.7 ಆದರೂ ಎರಡೂ ಕಡೆ ಒಂದೇ ಪ್ರಮಾಣದಲ್ಲಿ ಇಳಿಯುತ್ತೆ, ಅನುಪಾತ ಹಾಗೇ ಉಳಿಯುತ್ತೆ. ಅರ್ಧ ತಿರುಗಿಸಿದರೆ ಸರಿಯಾಗಿ ಅರ್ಧ. ನೋಡಿ ಖುಷಿಪಟ್ಟು ಮುಂದಿನ ಪಾಠಕ್ಕೆ ಹೋಗ್ತೀವಿ. ಅದೃಷ್ಟದಿಂದ ಸರಿ ಬಂದ ಸಾಲು ನಿಯಮ ಅಂತ ತಲೆಯಲ್ಲಿ ಕೂತುಬಿಡುತ್ತೆ, ಆಮೇಲೆ ಆ ಅದೃಷ್ಟ ಇಲ್ಲದ ಚಿಪ್ಪಿಗೂ ಅದನ್ನೇ ಹೊತ್ತುಕೊಂಡು ಹೋಗ್ತೀವಿ.

ಎರಡನೇ ಪದ 4095. ಇದು ಜಂಬದ ಅಂಕಿ. 3.3 ವೋಲ್ಟನ್ನು ನಾಲ್ಕು ಸಾವಿರ ಮೆಟ್ಟಿಲು ಮಾಡಿದ್ದೀವಿ, ಒಂದು ಮೆಟ್ಟಿಲು 0.8 ಮಿಲಿವೋಲ್ಟ್ ಅನ್ನೋ ಜಂಬ. ಆದರೆ ಇಎಸ್‌ಪಿ32ರಲ್ಲಿ ಈ ಮೆಟ್ಟಿಲುಗಳು ಸಮ ಇಲ್ಲ. ಕೆಳಗಡೆ ಸುಮಾರು 0.1 ವೋಲ್ಟ್ ದಾಟುವವರೆಗೆ ಸೊನ್ನೆಯನ್ನೇ ತೋರಿಸ್ತಾ ಇರುತ್ತೆ. ಮೇಲೆ 3.1ರ ಆಸುಪಾಸಿಗೇ 4095 ಮುಟ್ಟಿ ನಿಂತುಬಿಡುತ್ತೆ, ಅದಕ್ಕಿಂತ ಸ್ವಲ್ಪ ಮೊದಲೇ ಗೆರೆ ಬಾಗೋಕೆ ಶುರುವಾಗಿರುತ್ತೆ. ಕಂಪನಿ ಭರವಸೆ ಕೊಡೋದು 150ರಿಂದ 2450 ಮಿಲಿವೋಲ್ಟ್‌ವರೆಗಿನ ನಡುವಿನ ಭಾಗಕ್ಕೆ ಮಾತ್ರ, ಅದೂ ಕ್ಯಾಲಿಬ್ರೇಷನ್ ಮಾಡಿದ ಮೇಲೆ ಪ್ಲಸ್ ಆರ್ ಮೈನಸ್ 60 ಮಿಲಿವೋಲ್ಟ್ ತಪ್ಪು ಇರಬಹುದು ಅನ್ನುವ ಷರತ್ತಿನ ಜೊತೆ. 60 ಮಿಲಿವೋಲ್ಟ್ ಅಂದರೆ ಮೇಲಕ್ಕೆ 75 ಮೆಟ್ಟಿಲು, ಕೆಳಕ್ಕೆ 75 ಮೆಟ್ಟಿಲು. ಇಷ್ಟು ಪ್ರಾಮಾಣಿಕವಾಗಿ ಬರೆದಿದ್ದಕ್ಕೆ ಕಂಪನಿಯನ್ನು ಮೆಚ್ಚಬೇಕು. ಆದರೆ ಅದು ಡೇಟಾಶೀಟಿನ ಒಳಗಿನ ಒಂದು ಟೇಬಲ್ಲಿನಲ್ಲಿದೆ, "12 ಬಿಟ್" ಅನ್ನೋದು ಮುಂದಿನ ಪುಟದಲ್ಲಿದೆ. ನಾವು ಓದೋದು ಯಾವುದನ್ನ ಅಂತ ಹೇಳಬೇಕಾಗಿಲ್ಲ. ತೂಕದ ಪ್ರಾಜೆಕ್ಟುಗಳಲ್ಲಿ ಬಳಸುವ ಎಚ್‌ಎಕ್ಸ್711 ಚಿಪ್ಪಿನದೂ ಇದೇ ಕಥೆ. 24 ಬಿಟ್ ಅಂತಾರೆ. ಟೇಬಲ್ ಮೇಲೆ ಸುಮ್ಮನೆ ಬಿಟ್ಟು ನೋಡಿ, ಕೊನೆಯ ಹಲವು ಬಿಟ್ಟುಗಳು ತಾವಾಗಿಯೇ ಕುಣೀತಾ ಇರುತ್ತವೆ.

ಇದೆಲ್ಲ ಲ್ಯಾಬಿನ ತಲೆಹರಟೆ, ಹತ್ತು ಪರ್ಸೆಂಟ್ ಆಚೀಚೆ ಆದರೆ ಪ್ರಪಂಚ ಮುಳುಗುತ್ತಾ ಅಂತ ಕೇಳಬಹುದು. ಮುಳುಗಲ್ಲ. ಆದರೆ ನಮ್ಮೂರಿನಲ್ಲಿ ಚಿಕ್ಕಪ್ಪನ ಅಡಿಕೆ ತೋಟ ಇದೆ, ಅಲ್ಲಿ ಆಗಿದ್ದನ್ನು ಹೇಳ್ತೀನಿ. ಒಂದು ಕಂಪನಿಯವರು ಮಣ್ಣಿನ ತೇವ ನೋಡಿ ತಾನೇ ಡ್ರಿಪ್ ಬಿಡುವ ಕಿಟ್ ಕೊಟ್ಟು ಹೋದರು. ಎರಡು ಡಬ್ಬಿ, ಒಂದೊಂದಕ್ಕೆ ಒಂದೊಂದು ಕೆಪ್ಯಾಸಿಟಿವ್ ಸೆನ್ಸರ್, ಫೋನಿನಲ್ಲಿ ಆ್ಯಪ್. ತೇವ 45 ಪರ್ಸೆಂಟಿಗಿಂತ ಇಳಿದರೆ ಮೋಟ್ರು ಆನ್. ನಾನು ಹಬ್ಬಕ್ಕೆ ಹೋದಾಗ ಚಿಕ್ಕಪ್ಪ ಎರಡೂ ಸೆನ್ಸರನ್ನ ಒಂದೇ ಗಿಡದ ಬುಡದಲ್ಲಿ ಗೇಣು ಅಂತರದಲ್ಲಿ ಚುಚ್ಚಿದ್ದರು. "ನೋಡೋ, ಒಂದು 40.95 ಅಂತದೆ, ಇನ್ನೊಂದು 53.98 ಅಂತದೆ. ಒಂದು ನೀರು ಬಿಡು ಅಂತದೆ, ಇನ್ನೊಂದು ಬೇಡ ಅಂತದೆ. ಯಾವುದರ ಮಾತು ಕೇಳ್ಲಿ?" ಕಂಪನಿಯ ಹುಡುಗನಿಗೆ ಫೋನ್ ಮಾಡಿ ಆಗಿತ್ತಂತೆ. "ಮಣ್ಣು ಎಲ್ಲ ಕಡೆ ಒಂದೇ ಥರ ಇರಲ್ಲ ಸರ್" ಅಂದನಂತೆ. ಗೇಣು ಅಂತರದಲ್ಲಿ!

ಸೆನ್ಸರುಗಳನ್ನ ಅಲ್ಲೇ ಬಿಟ್ಟು ಡಬ್ಬಿಗಳನ್ನು ಮಾತ್ರ ಅದಲು ಬದಲು ಮಾಡಿದೆ. 41 ಇದ್ದ ಕಡೆ 50 ಬಂತು, 54 ಇದ್ದ ಕಡೆ 45. ಅಂದರೆ ಆ 13 ಪರ್ಸೆಂಟಿನಲ್ಲಿ 9 ಡಬ್ಬಿಯ ಜೊತೆ ಎದ್ದು ಹೋಯ್ತು. ಉಳಿದ 4 ಮಾತ್ರ ಸೆನ್ಸರಿನದೋ ಮಣ್ಣಿನದೋ. ಆ್ಯಪಿನಲ್ಲಿ ಸರ್ವಿಸ್‌ನವರಿಗೆ ಅಂತ ಒಂದು ಪುಟ ಇತ್ತು, ಅದರಲ್ಲಿ ಎಡಿಸಿಯ ಮೂಲ ಅಂಕಿ ಮತ್ತು ವೋಲ್ಟೇಜ್ ಎರಡೂ ಕಾಣುತ್ತೆ. ಮೊದಲನೇ ಡಬ್ಬಿಯಲ್ಲಿ 2808, 2.263 ವೋಲ್ಟ್. ಎರಡನೆಯದರಲ್ಲಿ 2517, 2.028 ವೋಲ್ಟ್. ಕ್ಯಾಲ್ಕುಲೇಟರ್ ತೆಗೆದು ಭಾಗಿಸಿ ನೋಡಿ. ಎರಡರದೂ ಒಂದೇ ಅನುಪಾತ, 3.3 ಭಾಗಿಸು 4095. ನಮ್ಮ ಸಾಲು ಬೆಂಗಳೂರಿನಿಂದ ಬಸ್ಸು ಹತ್ತಿ ತೋಟದವರೆಗೂ ಬಂದಿತ್ತು.

ನಮ್ಮ ಕಡೆ ತ್ರೀ ಫೇಸ್ ಕರೆಂಟ್ ಇರೋದೇ ದಿನಕ್ಕೆ ಕೆಲವು ಗಂಟೆ. ಆ ಹೊತ್ತಿನಲ್ಲಿ ಡಬ್ಬಿ "ಬೇಡ" ಅಂದರೆ ಆವತ್ತಿನ ನೀರು ಹೋಯ್ತು. ಬೇಸಿಗೆಯಲ್ಲಿ ನಾಲ್ಕು ದಿನ ಹೀಗಾದರೆ ಏನು ಅನ್ನೋದು ತೋಟ ಇದ್ದವರಿಗೆ ಗೊತ್ತು. ಉಲ್ಟಾ ಆದರೆ ಬೋರಿನ ನೀರು ಸುಮ್ಮನೆ ಹರಿದು ಹೋಗುತ್ತೆ. ಅಡಿಕೆ ಮಾರುವಾಗ ವ್ಯಾಪಾರಿಯ ಎಲೆಕ್ಟ್ರಾನಿಕ್ ತಕ್ಕಡಿಗೆ ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆ ವರ್ಷಕ್ಕೊಮ್ಮೆ ಬೀಳಲೇಬೇಕು. ಅದರೊಳಗಿರೋದೂ ಒಂದು ಎಡಿಸಿಯೇ. ನೀರಿನ ಡಬ್ಬಿಗೆ ಅಂಥದ್ದೇನೂ ಇಲ್ಲ, ಮಾಡಿದವನ ಮನಸ್ಸಾಕ್ಷಿಯೇ ಮುದ್ರೆ.

ನನ್ನ ಎಂಬೆಡೆಡ್ ಗೆಳೆಯರ ಮುಂದೆ ಇದನ್ನ ಹೇಳಿದಾಗ ಎರಡು ಉತ್ತರ ಬಂದವು. ಒಂದು, "ಸರಾಸರಿ ತಗೊಂಡರೆ ಸರಿ ಹೋಗುತ್ತೆ, 64 ಸಲ ಓದು." ಸರಾಸರಿ ಅಂಕಿಯ ಕುಣಿತ ನಿಲ್ಲಿಸುತ್ತೆ, ನಿಜ, ಆ ಕೆಲಸಕ್ಕೆ ಅದು ಬೇಕೇ ಬೇಕು, ಇನ್‌ಪುಟ್‌ಗೆ ಒಂದು 0.1 ಮೈಕ್ರೋಫ್ಯಾರಡ್ ಕೆಪ್ಯಾಸಿಟರ್ ಹಾಕೋದೂ ಒಳ್ಳೆಯದು. ಆದರೆ ಹಗುರ ಕಲ್ಲಿನಿಂದ 64 ಸಲ ತೂಗಿದರೆ ತಪ್ಪು ತೂಕವೇ ಸ್ಥಿರವಾಗಿ ಬರುತ್ತೆ. ಕುಣಿಯೋ ಅಂಕಿಯಾದರೂ ನೋಡುವವನಿಗೆ ಸ್ವಲ್ಪ ಅನುಮಾನ ಹುಟ್ಟಿಸುತ್ತೆ, ನೆಟ್ಟಗೆ ನಿಂತ ತಪ್ಪು ಅಂಕಿ ಅದನ್ನೂ ಹುಟ್ಟಿಸಲ್ಲ.

ಎರಡನೇ ಉತ್ತರ ಗಟ್ಟಿಯಾದದ್ದು. "ನಿಜವಾದ ವೋಲ್ಟೇಜ್ ಯಾರಿಗೆ ಬೇಕು ಮಾರಾಯ? ನಿನ್ನೆಗಿಂತ ಇವತ್ತು ಒಣಗಿದೆಯಾ ಅಂತ ಗೊತ್ತಾದರೆ ಸಾಕಲ್ಲ." ಇದನ್ನು ನಾನು ಒಪ್ತೀನಿ. ಒಂದೇ ಬೋರ್ಡು, ಒಂದೇ ಸೆನ್ಸರು, ಒಂದೇ ಜಾಗ. ಅಂಕಿ ಏರಿತಾ ಇಳಿತಾ ಅಷ್ಟೇ ನೋಡೋದಾದರೆ ಕ್ಯಾಲಿಬ್ರೇಷನ್ ಇಲ್ಲದೆಯೂ ಬದುಕಬಹುದು. ಆದರೆ ಹಾಗಂತ ಹೇಳಿ ಮಾರಬೇಕಲ್ಲ? ಆ್ಯಪ್ ತೋರಿಸೋದು 40.95 ಪರ್ಸೆಂಟ್. ಎಲ್ಲ ಊರಿನ ಎಲ್ಲ ಡಬ್ಬಿಗೂ ಫ್ಯಾಕ್ಟರಿಯಿಂದಲೇ 45 ಅನ್ನೋ ಗೆರೆ. ಎರಡು ದಶಾಂಶ ಬರೆದ ಕ್ಷಣವೇ ಅದು "ಏರಿತು ಇಳಿತು" ಅನ್ನೋ ಮಾತಾಗಿ ಉಳಿಯಲ್ಲ.

ಇನ್ನು ಪರಿಹಾರ. ಮೊದಲನೇ ಹೆಜ್ಜೆ ನಾಚಿಕೆ ಆಗುವಷ್ಟು ಸುಲಭ. ಮೊದಮೊದಲು ಬಂದ ಕೆಲವು ಚಿಪ್ ಬಿಟ್ಟರೆ, ಇಎಸ್‌ಪಿ32 ತಯಾರಾಗುವಾಗಲೇ ಅದರ ರೆಫರೆನ್ಸ್ ಎಷ್ಟು ಅಂತ ಅಳೆದು ಚಿಪ್ಪಿನೊಳಗಿನ ಇ-ಫ್ಯೂಸ್‌ನಲ್ಲಿ ಸುಟ್ಟು ಬರೆದಿರುತ್ತಾರೆ. ಪ್ರತಿ ಚಿಪ್ಪೂ ತನ್ನ ತಪ್ಪನ್ನು ತಾನೇ ಜೇಬಿನಲ್ಲಿ ಇಟ್ಟುಕೊಂಡು ಬಂದಿರುತ್ತೆ. ಆರ್ಡುಯಿನೊ ಲೈಬ್ರರಿಯಲ್ಲಿ ಅನಲಾಗ್‌ರೀಡ್ ಬದಲು ಅನಲಾಗ್‌ರೀಡ್‌ಮಿಲಿವೋಲ್ಟ್ಸ್ ಅಂತ ಕರೆದರೆ ಆ ಚೀಟಿ ಓದಿ, ಗೆರೆಯ ಬಾಗನ್ನೂ ಒಂದಿಷ್ಟು ತಿದ್ದಿ, ಮಿಲಿವೋಲ್ಟನ್ನೇ ಕೈಗೆ ಕೊಡುತ್ತೆ. 3.3 ಬೇಡ, 4095 ಬೇಡ. ಆದರೂ ಹಳೇ ಸಾಲೇ ಓಡಾಡ್ತಾ ಇದೆ, ಯಾಕಂದರೆ ಅದು ಎಲ್ಲರಿಗೂ ಬಾಯಿಪಾಠ.

ಅದಕ್ಕೂ ಮೇಲೆ ಬೇಕಾದರೆ ಒಂದು ಪೊಟೆನ್ಶಿಯೋಮೀಟರ್, ಒಂದು ಮಲ್ಟಿಮೀಟರ್, ಅರ್ಧ ಗಂಟೆ. 0.2ರಿಂದ 2.4 ವೋಲ್ಟ್‌ವರೆಗೆ ಎಂಟು ಹತ್ತು ಕಡೆ ನಿಲ್ಲಿಸಿ ಮೀಟರು ಏನು ಹೇಳುತ್ತೆ, ಚಿಪ್ ಏನು ಹೇಳುತ್ತೆ ಅಂತ ಬರೆದುಕೊಳ್ಳಿ. ಎರಡೇ ಬಿಂದು ಸಾಕು ಅಂತಾರೆ. ಗೆರೆ ನೆಟ್ಟಗಿದ್ದರೆ ಸಾಕು, ಇಲ್ಲಿ ಅದು ನೆಟ್ಟಗಿಲ್ಲ. ಟೇಬಲ್ಲನ್ನು ಆ ಬೋರ್ಡಿನ ಮೆಮೊರಿಯಲ್ಲೇ ಇಡಿ. ಒಂದು ಬೋರ್ಡಿನ ಟೇಬಲ್ಲನ್ನು ನೂರು ಬೋರ್ಡಿಗೆ ಕಾಪಿ ಮಾಡಿದರೆ ಮತ್ತೆ ಹಳೇ ಕಥೆಯೇ. ಇಷ್ಟೆಲ್ಲ ತಾಪತ್ರಯ ಬೇಡ ಅಂದರೆ ಎಡಿಎಸ್1115ನಂಥ ಬೇರೆ ಎಡಿಸಿ ಹಾಕಬಹುದು, ಕೆಲವು ನೂರು ರೂಪಾಯಿ. ಅದರ ಒಳಗಿನ ರೆಫರೆನ್ಸ್ ನಂಬಬಹುದಾದದ್ದು.

ಪಾಠಗಳನ್ನು ಕಣ್ಣು ಮುಚ್ಚಿ ನಕಲು ಮಾಡೋದಕ್ಕೆ ಇನ್ನೊಂದು ಉದಾಹರಣೆ ಕೊಟ್ಟೇ ಮುಂದೆ ಹೋಗ್ತೀನಿ. ಟೆಂಪರೇಚರ್ ಸೆನ್ಸರ್ ಕ್ಯಾಲಿಬ್ರೇಟ್ ಮಾಡಲು ಐಸ್ ನೀರು 0, ಕುದಿಯುವ ನೀರು 100 ಅಂತ ಹೇಳಿಕೊಡ್ತಾರೆ. ಐಸಿನದು ಸರಿ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲಿದೆ, ಇಲ್ಲಿ ನೀರು ಕುದಿಯೋದು 97 ಡಿಗ್ರಿ ಆಸುಪಾಸಿನಲ್ಲಿ. ಕೋರಮಂಗಲದ ಫ್ಲಾಟಿನ ಅಡುಗೆಮನೆಯಲ್ಲಿ ನಿಂತು "100" ಅಂತ ಟೈಪ್ ಮಾಡಿದರೆ, ಸರಿಯಾಗಿದ್ದ ಸೆನ್ಸರನ್ನ ಮೂರು ಡಿಗ್ರಿ ಕೆಡಿಸಿದ ಹಾಗೆ. ಕ್ಯಾಲಿಬ್ರೇಷನ್ ಮಾಡಿದೆ ಅನ್ನೋ ಧೈರ್ಯ ಬೇರೆ. ಮಂಗಳೂರಿನವರು ಮಾಡಿದರೆ ತೊಂದರೆ ಇಲ್ಲ.

ವೋಲ್ಟೇಜ್ ಸರಿಯಾಯ್ತು ಅಂದುಕೊಳ್ಳಿ. ಆ ಸಾಲಿನ ಕೆಳಗೆ ಯಾವಾಗಲೂ ಇನ್ನೊಂದು ಸಾಲು ಇರುತ್ತೆ, ಅದು ಅಣ್ಣನಿಗಿಂತ ಹೆಚ್ಚು ಅಪಾಯದ್ದು. ಸೆನ್ಸರನ್ನು ಗಾಳಿಯಲ್ಲಿ ಹಿಡಿದು ಬಂದದ್ದು 0 ಪರ್ಸೆಂಟ್, ಲೋಟದ ನೀರಿನಲ್ಲಿ ಅದ್ದಿ ಬಂದದ್ದು 100 ಪರ್ಸೆಂಟ್, ನಡುವೆ ನೇರ ಗೆರೆ ಎಳಿ. ಈ ಸೆನ್ಸರುಗಳ ವಿವರದಲ್ಲಿ ಔಟ್‌ಪುಟ್ 1.2ರಿಂದ 3.0 ವೋಲ್ಟ್ ಅಂತ ಇರುತ್ತೆ, ಒಣಗಿದಷ್ಟೂ ಹೆಚ್ಚು. ಅಂದರೆ ನಮಗೆ ಬಹಳ ಮುಖ್ಯವಾದ ಒಣಗಿದ ತುದಿ ಎಡಿಸಿಯ ಭರವಸೆ ಮುಗಿದ ಜಾಗದಲ್ಲಿ, 2450 ಮಿಲಿವೋಲ್ಟಿನ ಆಚೆ, ಬೀಳುತ್ತೆ. ಅದಿರಲಿ. ಗಾಳಿ ಅಂದರೆ ಒಣ ಮಣ್ಣು ಅಲ್ಲ, ಲೋಟದ ನೀರು ಅಂದರೆ ಒದ್ದೆ ಮಣ್ಣು ಅಲ್ಲ. ಈ ಸೆನ್ಸರ್ ನೋಡೋದು ಸುತ್ತಲಿನ ವಸ್ತುವಿನ ಡೈಎಲೆಕ್ಟ್ರಿಕ್ ಗುಣವನ್ನು. ಗಾಳಿಯದು 1, ಒಣ ಮಣ್ಣಿನದು 3ರಿಂದ 5, ನೀರಿನದು ಸುಮಾರು 80. ಜಲಾವೃತ ಆದ ಮಣ್ಣಿನಲ್ಲೂ ಗಾತ್ರದ ಲೆಕ್ಕದಲ್ಲಿ ಅರ್ಧದಷ್ಟು ಮಾತ್ರ ನೀರಿರುತ್ತೆ, ಉಳಿದದ್ದು ಮಣ್ಣೇ. ಆ ಅಳತೆಯಲ್ಲಿ ತೋಟ ಯಾವತ್ತೂ 100 ಮುಟ್ಟಲ್ಲ. ಹಾಗಾದರೆ 53.98 ಪರ್ಸೆಂಟ್ ಅಂದರೆ ಏನು? ಮಣ್ಣಿನ ಮಟ್ಟಿಗೆ ಅದಕ್ಕೆ ಯಾವ ಅರ್ಥವೂ ಇಲ್ಲ.

ಸಾಲದ್ದಕ್ಕೆ, ಮರಳು ಮಣ್ಣಿಗೆ ಸಾಕಷ್ಟು ಅನ್ನಿಸುವ ನೀರಿನಲ್ಲಿ ಜೇಡಿ ಮಣ್ಣಿನ ಗಿಡ ಬಾಡಿ ಹೋಗುತ್ತೆ, ಯಾಕಂದರೆ ಜೇಡಿ ಆ ನೀರನ್ನು ಬೇರಿಗೆ ಬಿಟ್ಟುಕೊಡಲ್ಲ. ಗೊಬ್ಬರ ಹಾಕಿದ ವಾರ ಉಪ್ಪಿನಂಶ ಏರಿ ಅಂಕಿ ಜರುಗುತ್ತೆ. ಮಧ್ಯಾಹ್ನದ ಬಿಸಿಲಿಗೆ ಒಂದು ಅಂಕಿ, ರಾತ್ರಿಗೆ ಇನ್ನೊಂದು. ಇದಕ್ಕೆ ಯಾವ ಇ-ಫ್ಯೂಸಿನಲ್ಲೂ ಉತ್ತರ ಇಲ್ಲ, ಆ ತೋಟದ ಮಣ್ಣಿನಲ್ಲೇ ಅಳೆಯಬೇಕು. ನಮ್ಮಪ್ಪ, ಚಿಕ್ಕಪ್ಪ ಇಬ್ಬರೂ ಒಂದು ಹಿಡಿ ಮಣ್ಣು ತೆಗೆದು ಉಂಡೆ ಕಟ್ಟಿ ನೋಡ್ತಾರೆ. ಉಂಡೆ ನಿಂತರೆ ನೀರು ಬೇಡ, ಉದುರಿದರೆ ಬೇಕು. ಅದು ಒಂದೇ ಬಿಟ್ಟಿನ ಎಡಿಸಿ. ಆದರೆ ಅದೇ ಮಣ್ಣಿನಲ್ಲಿ ನಲವತ್ತು ವರ್ಷ ಕ್ಯಾಲಿಬ್ರೇಟ್ ಆಗಿರೋದು.

ಮಣ್ಣಿನ ಕ್ಯಾಲಿಬ್ರೇಷನ್ನಿಗೆ ಲ್ಯಾಬೇನೂ ಬೇಡ. ಶಾಸ್ತ್ರದ ಪ್ರಕಾರ ಮಣ್ಣನ್ನು 105 ಡಿಗ್ರಿ ಓವನ್ನಿನಲ್ಲಿ ಒಂದು ದಿನ ಪೂರ್ತಿ ಒಣಗಿಸಬೇಕು; ಕೇಕ್ ಮಾಡುವ ಓವನ್ ಸಾಕು, ಮನೆಯವರು ಒಪ್ಪಿದರೆ. ಒಂದು ಲೀಟರ್ ಡಬ್ಬದಲ್ಲಿ ತೋಟದ ಹಾಗೇ ಅದುಮಿ ತುಂಬಿ, ಸೆನ್ಸರ್ ಚುಚ್ಚಿ ಮಿಲಿವೋಲ್ಟ್ ಬರೆದುಕೊಳ್ಳೋದು. ಆಮೇಲೆ 100 ಮಿಲಿಲೀಟರ್ ನೀರು ಹಾಕಿ ಕಲಸಿ, ಮತ್ತೆ ಅಷ್ಟೇ ಅದುಮಿ ತುಂಬಿ, ಒಂದು ರಾತ್ರಿ ಬಿಟ್ಟು ಓದಿದರೆ ಅದು 10 ಪರ್ಸೆಂಟ್. ಇನ್ನೊಂದು 100 ಹಾಕಿದರೆ 20. ಕಪ್ಪು ಮಣ್ಣಾದರೆ ಉಬ್ಬಿಕೊಳ್ಳುತ್ತೆ, ಡಬ್ಬದ ಗಾತ್ರವೇ ಬದಲಾಗುತ್ತೆ, ಲೆಕ್ಕ ಸ್ವಲ್ಪ ಜಟಿಲ. ಚಿಕ್ಕಪ್ಪನದು ಕೆಂಪು ಮಣ್ಣು, ಬಚಾವಾದೆ.

ಈಗ ಆ ಎರಡು ಡಬ್ಬಿಯೊಳಗೆ ಇರೋದು ನಾನು ಬರೆದ ಪ್ರೋಗ್ರಾಂ. ಪರ್ಸೆಂಟ್ ತೆಗೆದುಬಿಟ್ಟೆ, ಬರೀ ಮಿಲಿವೋಲ್ಟ್ ತೋರಿಸುತ್ತೆ, ದಶಾಂಶ ಇಲ್ಲ. ಉಂಡೆ ಉದುರೋಕೆ ಶುರುವಾದ ದಿನ ಎಷ್ಟಿತ್ತು ಅಂತ ನೋಡಿ, ಚಿಕ್ಕಪ್ಪನೇ ಪಂಪ್‌ಹೌಸಿನ ಗೋಡೆ ಮೇಲೆ, ಸ್ಟಾರ್ಟರ್ ಪಕ್ಕ, ಸುಣ್ಣದಲ್ಲಿ ಬರೆದಿದ್ದಾರೆ: ಒಂದನೇ ಡಬ್ಬಿ 2250 ದಾಟಿದರೆ ನೀರು, ಎರಡನೇದು 2180. ಆ 70 ಮಿಲಿವೋಲ್ಟ್ ವ್ಯತ್ಯಾಸ ಸೆನ್ಸರುಗಳದ್ದು. ಮಳೆಗಾಲ ಮುಗಿದ ಮೇಲೆ ಇನ್ನೊಂದು ಸಲ ನೋಡಬೇಕು.